ಬೀಳು ಹೊಲ ಕೊಳ್ಳಲು ಹೊರಟಾಗ

ಮಧುಗಿರಿ ತಾಲ್ಲೂಕಿನ ಒಂದು ಊರಿನ ಹೊರಗೆ, ಕತ್ತಾಳೆ ಬೆಳೆದ ಬದುವಿನ ಮೇಲೆ ನಿಂತು ದಲ್ಲಾಳಿ ಕೈ ಬೀಸಿ ತೋರಿಸಿದರು. “ನೋಡಿ ಮೇಡಂ, ಪೂರ್ತಿ ಖಾಲಿ. ಹತ್ತು ವರ್ಷದಿಂದ ಬೀಳು ಬಿದ್ದಿದೆ. ಯಾರ ತಂಟೆಯೂ ಇಲ್ಲ.” ನಾನೂ ನನ್ನ ಗಂಡನೂ ಬೆಂಗಳೂರಿನಿಂದ ಬೆಳಗ್ಗೆ ಐದಕ್ಕೆ ಹೊರಟು ಬಂದಿದ್ದೆವು. ಎದುರಿಗೆ ಬಂಡೆಯ ಗುಡ್ಡ, ನಡುವೆ ಒಂದು ದೊಡ್ಡ ಹುಣಸೆ ಮರ, ಉಳಿದಂತೆ ತಂಗಡಿ ಗಿಡ, ಜಾಲಿ, ಒಣ ಹುಲ್ಲು. ಮೊದಲ ನೋಟಕ್ಕೇ ಮನಸ್ಸು ಒಪ್ಪಿಬಿಟ್ಟಿತ್ತು. ಆದರೆ ಹೊಲದೊಳಗೆ ಇಳಿದು ನಡೆಯತೊಡಗಿದಾಗ ಕಾಲಿನ ಕೆಳಗೆ ಹುಲ್ಲಿಲ್ಲ ಎಂಬುದು ಗಮನಕ್ಕೆ ಬಂತು. ಒಂದಡಿ ಅಗಲಕ್ಕೆ ನೆಲ ಸವೆದು ಗಟ್ಟಿಯಾಗಿತ್ತು. ಆ ಸವೆದ ಗೆರೆ ಹೊಲದ ಮೂಲೆಯಿಂದ ಮೂಲೆಗೆ ಓರೆಯಾಗಿ ಹೋಗಿ ಹುಣಸೆ ಮರದ ಬುಡ ಮುಟ್ಟಿ, ಅಲ್ಲಿಂದ ಗುಡ್ಡದ ಕಡೆಗೆ ತಿರುಗಿತ್ತು. ದಾರಿಯ ಉದ್ದಕ್ಕೂ ಆಡಿನ ಹಿಕ್ಕೆ. ತಂಗಡಿ ಗಿಡಗಳ ಬುಡದಲ್ಲಿ ಕುಡುಗೋಲಿನ ಹೊಸ ಗಾಯ. ಕಡಿದು ಎರಡು ದಿನವೂ ಆಗಿರಲಿಲ್ಲ.

ಆಮೇಲಿನ ಎರಡೂವರೆ ವರ್ಷಗಳಲ್ಲಿ ಮಧುಗಿರಿ, ಕೊರಟಗೆರೆ, ಶಿರಾ, ಗೌರಿಬಿದನೂರು ಕಡೆ ಹನ್ನೊಂದು ಜಮೀನು ನೋಡಿದೆವು. ಕಡೆಗೆ ಒಂದನ್ನು ಕೊಂಡೆವು. ಪರಿಚಯದವರು ಈಗ ಫೋನ್ ಮಾಡಿ, “ಜಮೀನು ತೆಗೆದುಕೊಳ್ಳುವ ಮೊದಲು ಏನೇನು ನೋಡಬೇಕು?” ಎಂದು ಕೇಳುತ್ತಾರೆ. ಕಾಗದಪತ್ರಗಳ ಹೆಸರುಗಳನ್ನು ಹೇಳುತ್ತಾ ಹೋಗುತ್ತೇನೆ. ಫೋನ್ ಇಟ್ಟ ಮೇಲೆ, ಹೇಳಬೇಕಾದದ್ದು ಬಾಯಿಗೆ ಬರಲೇ ಇಲ್ಲ ಅನಿಸುತ್ತದೆ. ನಾನು ನೋಡಿದ ಹನ್ನೊಂದರಲ್ಲಿ ಖಾಲಿ ಜಮೀನು ಎಂಬುದು ಒಂದೂ ಇರಲಿಲ್ಲ. ಪ್ರತಿಯೊಂದರ ಮೇಲೂ ಯಾರೋ ನಡೆಯುತ್ತಿದ್ದರು, ಯಾರೋ ಸೊಪ್ಪು ಕಡಿಯುತ್ತಿದ್ದರು, ಯಾರದೋ ಹೆಸರು ಕಾಗದದಿಂದ ಬಿಟ್ಟುಹೋಗಿತ್ತು.

ಹುಣಸೆ ಮರದ ಕೆಳಗಿದ್ದ ಹಿರಿಯರು

ಆ ಮೊದಲ ಜಮೀನಿಗೆ ನಾವಿಬ್ಬರೇ ಇನ್ನೊಮ್ಮೆ ಹೋದೆವು, ಸಂಜೆ ಹೊತ್ತಿನಲ್ಲಿ, ದಲ್ಲಾಳಿಗೆ ತಿಳಿಸದೆ. ಹುಣಸೆ ಮರದ ಕೆಳಗೆ ಎರಡು ಹಸು ಬಿಟ್ಟುಕೊಂಡು ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು ಕೂತಿದ್ದರು. ಜಮೀನು ನೋಡಲು ಬಂದವರೆಂದು ತಿಳಿದ ಕೂಡಲೇ ಎದ್ದು ನಿಂತರು. ಕೂರಿ ಎಂದರೂ ಕೂರಲಿಲ್ಲ. “ಇದು ನಮ್ಮ ಅಪ್ಪನಿಗೆ ಸರ್ಕಾರ ಕೊಟ್ಟ ಭೂಮಿ ತಾಯಿ” ಎಂದರು. ದೂರಿನ ದನಿಯೇನೂ ಇರಲಿಲ್ಲ, ಊರಿನ ಹೆಸರು ಹೇಳುವಷ್ಟು ಸಹಜವಾಗಿ ಹೇಳಿದರು. ಅಪ್ಪ ದರಖಾಸ್ತು ಹಾಕಿ ಪಡೆದದ್ದು, ಕಲ್ಲು ಆರಿಸಿ ಬದು ಕಟ್ಟಿದ್ದು, ಹುರುಳಿ ಮತ್ತು ರಾಗಿ ಬೆಳೆದದ್ದು, ಆಮೇಲೆ ಮಗಳ ಮದುವೆಗೆಂದು ಪಟ್ಟಣದವರೊಬ್ಬರಿಗೆ ಕೊಟ್ಟದ್ದು. ಎಷ್ಟಕ್ಕೆ ಎಂದು ಕೇಳಿದೆ. ಅವರು ಹೇಳಿದ ಮೊತ್ತ ನಮ್ಮ ಮನೆಯ ಒಂದು ತಿಂಗಳ ಬಾಡಿಗೆಗಿಂತ ಕಡಿಮೆ ಇತ್ತು. “ಅವರು ಬರುವುದಿಲ್ಲ, ಬೆಳೆಯುವುದೂ ಇಲ್ಲ. ಹಸು ಕಟ್ಟಲು ಬಿಟ್ಟಿದ್ದಾರೆ. ನೀವು ಬಂದರೆ ಬೇಲಿ ಹಾಕುತ್ತೀರಾ?”

ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಮರುದಿನ ಪಹಣಿ, ಅಂದರೆ ಜಮೀನಿನ ಹಕ್ಕು ಮತ್ತು ಬೆಳೆಯ ಸರ್ಕಾರಿ ದಾಖಲೆ, ತೆಗೆಸಿದೆವು. ಸರ್ವೆ ನಂಬರಿನ ಪಕ್ಕದಲ್ಲಿ ‘ಪಿ’ ಎಂಬ ಅಕ್ಷರ ಇತ್ತು. ಪೈಕಿ ಎಂಬುದರ ಗುರುತು ಅದು: ದೊಡ್ಡ ಸರ್ಕಾರಿ ಸರ್ವೆ ನಂಬರೊಂದರ ಪೈಕಿ ಇಷ್ಟು ಮಂಜೂರಾಗಿದೆ, ಪೋಡಿಯಾಗಿ (ಅಳೆದು ಬೇರ್ಪಡಿಸಿ) ಬೇರೆ ನಂಬರು ಇನ್ನೂ ಬಂದಿಲ್ಲ ಎಂದು ಸಾಮಾನ್ಯವಾಗಿ ಅರ್ಥ. ಪಹಣಿಯಲ್ಲಿ ಆ ಅಕ್ಷರ ಕಂಡರೆ ಅಲ್ಲಿಗೇ ನಿಂತು, ಯಾರಿಗೆ, ಯಾವಾಗ, ಯಾವ ಷರತ್ತಿನ ಮೇಲೆ ಮಂಜೂರಾಯಿತು ಎಂದು ತಾಲ್ಲೂಕು ಕಚೇರಿಯ ಹಳೆಯ ಕಡತದಿಂದ ತೆಗೆಸಬೇಕು. ಮಂಜೂರಾದವರಿಗೆ ಕೊಡುವ ಸಾಗುವಳಿ ಚೀಟಿಯಲ್ಲಿ ಇಂತಿಷ್ಟು ವರ್ಷ ಪರಭಾರೆ (ಬೇರೆಯವರಿಗೆ ವರ್ಗಾವಣೆ) ಮಾಡಬಾರದು ಎಂದು ಬರೆದಿರುತ್ತದೆ. ಮಂಜೂರಾದದ್ದು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗಾದರೆ ಅಂಥ ಭೂಮಿಯ ಪರಭಾರೆಯನ್ನು ನಿಷೇಧಿಸುವ 1978ರ ಕಾಯ್ದೆ ಅನ್ವಯಿಸುತ್ತದೆ. ಜನ ಅದನ್ನು ಪಿಟಿಸಿಎಲ್ ಎನ್ನುತ್ತಾರೆ. 1979ರ ಜನವರಿ 1ರಿಂದ ಜಾರಿಯಲ್ಲಿರುವ ಆ ಕಾಯ್ದೆಯ ಪ್ರಕಾರ, ಸರ್ಕಾರದ ಪೂರ್ವಾನುಮತಿ ಇಲ್ಲದೆ ಇಂಥ ಜಮೀನನ್ನು ಮಾರಿದರೆ ಆ ಮಾರಾಟವೇ ಅಸಿಂಧು. ಉಪವಿಭಾಗಾಧಿಕಾರಿಗಳು ಜಮೀನನ್ನು ವಾಪಸು ಪಡೆದು ಮೂಲ ಮಂಜೂರಾತಿದಾರರಿಗೋ ಅವರ ವಾರಸುದಾರರಿಗೋ ಕೊಡಬಹುದು. ಎಷ್ಟು ಕೈ ಬದಲಾಗಿದ್ದರೂ ಅಷ್ಟೇ. ಇಂಥ ಅರ್ಜಿಯನ್ನು ನ್ಯಾಯೋಚಿತ ಕಾಲದೊಳಗೆ ಹಾಕಬೇಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2023ರಲ್ಲಿ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು, ಕಾಲಮಿತಿ ಅನ್ವಯಿಸುವುದಿಲ್ಲ ಎಂದು ಬರೆಯಿತು.

ದಲ್ಲಾಳಿಗಳು ಇದನ್ನು ‘ಪಿಟಿಸಿಎಲ್ ತಕರಾರು’ ಎನ್ನುತ್ತಾರೆ. ವಕೀಲರೂ ಹಾಗೆಯೇ ಅನ್ನುವುದನ್ನು ಕೇಳಿದ್ದೇನೆ. ಆ ಮಾತು ನನಗೆ ನೋವು ಕೊಡುತ್ತದೆ. ಮದುವೆಗೋ ಆಸ್ಪತ್ರೆಗೋ ಕೈ ಖಾಲಿಯಾದ ಹೊತ್ತಿನಲ್ಲಿ ಸಿಕ್ಕಷ್ಟಕ್ಕೆ ಭೂಮಿ ಕೊಟ್ಟುಬಿಡುವವರನ್ನು ಕಣ್ಣಾರೆ ಕಂಡೇ ಆ ಕಾಯ್ದೆಯನ್ನು ಮಾಡಿದ್ದು. ಹುಣಸೆ ಮರದ ಕೆಳಗೆ ನಿಂತಿದ್ದವರು ತಕರಾರು ಮಾಡುತ್ತಿರಲಿಲ್ಲ. ತಮ್ಮ ಅಪ್ಪ ಕಟ್ಟಿದ ಬದುವಿನ ಪಕ್ಕದಲ್ಲಿ ಹಸು ಮೇಯಿಸುತ್ತಿದ್ದರು. ದಲ್ಲಾಳಿ ಮತ್ತೆ ಫೋನ್ ಮಾಡಿ, “ಅನುಮತಿಯೆಲ್ಲ ಆಮೇಲೆ ಮಾಡಿಸೋಣ, ಬೆಲೆ ಇನ್ನೂ ಇಳಿಸುತ್ತಾರೆ” ಎಂದರು. ಬೇಡ ಎಂದೆವು. ನಮಗೆ ಕಾಯ್ದೆಯ ಭಯ ಎಂದು ದಲ್ಲಾಳಿಗೆ ಹೇಳಿ ಮುಗಿಸಿದೆ. ಪೂರ್ತಿ ಕಾರಣ ಅದಾಗಿರಲಿಲ್ಲ.

ಒಂಬತ್ತನೇ ಕಾಲಂ ಮಾತ್ರ ಓದಿದರೆ

ಮುಕ್ಕಾಲು ಪಾಲು ಜನ ಪಹಣಿಯಲ್ಲಿ ಒಂಬತ್ತನೇ ಕಾಲಂ ನೋಡಿ, ಮಾರುವವರ ಹೆಸರಿದೆ ಎಂದು ನೆಮ್ಮದಿಯಾಗುತ್ತಾರೆ. ಹತ್ತನೇ ಕಾಲಂನಲ್ಲಿ ಆ ಹೆಸರು ಹೇಗೆ ಬಂತು ಎಂದಿರುತ್ತದೆ: ಕ್ರಯವೋ, ವಿಭಾಗವೋ, ಪೌತಿಯೋ (ಹಿಂದಿನವರು ತೀರಿಕೊಂಡ ಮೇಲೆ ವಾರಸುದಾರರಿಗೆ ಬಂದದ್ದು), ಮಂಜೂರಾತಿಯೋ. ಹನ್ನೊಂದನೇ ಕಾಲಂನಲ್ಲಿ ಬ್ಯಾಂಕಿನ, ಸಹಕಾರ ಸಂಘದ ಸಾಲ, ನ್ಯಾಯಾಲಯದ ತಡೆಯಾಜ್ಞೆ. ಹನ್ನೆರಡರಲ್ಲಿ ಯಾರು ಉಳುತ್ತಿದ್ದಾರೆ, ಏನು ಬೆಳೆ ಎಂಬುದು. ಅಲ್ಲಿ ಬೇರೆಯವರ ಹೆಸರಿದ್ದರೆ ಅವರನ್ನು ಭೇಟಿಯಾಗದೆ ಮುಂದಕ್ಕೆ ಹೋಗಬಾರದು. ಕಂಪ್ಯೂಟರ್ ಪಹಣಿ ‘ಭೂಮಿ’ ಯೋಜನೆಯ ನಂತರದ್ದು, ಎಂದರೆ 2000ದ ಆಚೀಚಿನದು. ಅದಕ್ಕೂ ಹಿಂದಿನ ಕೈಬರಹದ ಪಹಣಿಗಳನ್ನು ರೆಕಾರ್ಡ್ ರೂಮಿನಿಂದ ತೆಗೆಸಿದಾಗಲೇ ಜಮೀನಿನ ಕಥೆ ಬಿಚ್ಚಿಕೊಳ್ಳುವುದು. ಒಂದು ಕಡೆ ನಮಗೆ 1960ರ ದಶಕದ ಹಾಳೆಯಲ್ಲಿ ನೀರಗಂಟಿ ಇನಾಮು ಎಂಬ ಬರಹ ಸಿಕ್ಕಿತು. ಕೆರೆಯ ತೂಬು ಕಾಯುತ್ತಿದ್ದ ಮನೆತನಕ್ಕೆ ಬಿಟ್ಟ ಭೂಮಿ ಅದು. ಅಂಥವಕ್ಕೆ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಡಿ ಆ ಮನೆತನದ ಹೆಸರಿಗೆ ಮರುಮಂಜೂರಾತಿ ಆಗಿದೆಯೇ ಎಂದು ನೋಡದೆ ಕೈ ಹಾಕುವಂತಿಲ್ಲ.

ಋಣಭಾರ ಪತ್ರದ ಬಗ್ಗೆಯೂ ಒಂದು ಮಾತು. ಅದರಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ ಕಾಣುತ್ತದೆ. ಊರಿನ ಹಿರಿಯರ ಮುಂದೆ ಬಿಳಿ ಹಾಳೆಯಲ್ಲಿ ಬರೆದುಕೊಂಡ ಪಾಲು ಪಾರೀಕತ್ತು, ಬಾಯಿಮಾತಿನ ಹಂಚಿಕೆ, ನಡೆಯುತ್ತಿರುವ ದಾವೆ ಅದರಲ್ಲಿ ಕಾಣಿಸುವುದಿಲ್ಲ. ಋಣಭಾರ ಪತ್ರ ಶುಭ್ರವಾಗಿದೆ ಎಂದರೆ ಜಮೀನು ಶುಭ್ರವಾಗಿದೆ ಎಂದಲ್ಲ.

2020ರ ಭೂಸುಧಾರಣಾ ತಿದ್ದುಪಡಿಯ ನಂತರ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಅದನ್ನು ತಡೆಯುತ್ತಿದ್ದ 79ಎ, 79ಬಿ ಕಲಮುಗಳು ಈಗ ಇಲ್ಲ. ದಲ್ಲಾಳಿಗಳ ಮೊದಲ ವಾಕ್ಯ ಅದೇ. ಅದು ನಿಜವೂ ಹೌದು. ಆದರೆ ಆ ತಿದ್ದುಪಡಿ ಕೊಳ್ಳುವವರ ಅರ್ಹತೆಯ ಪ್ರಶ್ನೆಯನ್ನು ಬಿಡಿಸಿತೇ ವಿನಾ ಜಮೀನಿನ ಹಿಂದಿನ ಗಂಟುಗಳನ್ನು ಬಿಡಿಸಲಿಲ್ಲ. ಕೊಂಡದ್ದು ಕೃಷಿ ಜಮೀನಾಗಿಯೇ ಉಳಿಯುತ್ತದೆ. ಬೇರೆ ಉದ್ದೇಶಕ್ಕೆ ಬಳಸಬೇಕಾದರೆ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ ಬೇಕು. ಬೆಂಗಳೂರಿನ ಸುತ್ತ ಹತ್ತು ಗುಂಟೆ, ಹನ್ನೆರಡು ಗುಂಟೆಯ ‘ಫಾರ್ಮ್ ಪ್ಲಾಟ್’ ಮಾರುವವರು ಟಾರು ರಸ್ತೆ, ಕಮಾನು, ಈಜುಕೊಳ ತೋರಿಸುತ್ತಾರೆ. ನಿಮ್ಮ ಹತ್ತು ಗುಂಟೆಗೆ ಪ್ರತ್ಯೇಕ 11ಇ ನಕ್ಷೆ (ಜಮೀನಿನ ಒಂದು ಭಾಗವನ್ನು ಮಾರುವ ಮೊದಲು ಅಳೆಸಿ ಮಾಡಿಸುವ ಸರ್ಕಾರಿ ನಕ್ಷೆ) ಎಲ್ಲಿದೆ, ಆ ರಸ್ತೆಯ ನೆಲ ಯಾರ ಹೆಸರಿನಲ್ಲಿದೆ ಎಂದು ಕೇಳಿದರೆ ಮಾತು ಬೇರೆ ಕಡೆ ಹೋಗುತ್ತದೆ. ಇಬ್ಬರು ಸಹೋದ್ಯೋಗಿಗಳು ಜೀವಮಾನದ ಉಳಿತಾಯವನ್ನು ಅಂಥ ಕಡೆ ಹಾಕಿ ಇಂದಿಗೂ ಖಾತೆಗಾಗಿ ಅಲೆಯುತ್ತಿದ್ದಾರೆ. ದಯವಿಟ್ಟು ಕಮಾನು ನೋಡಿ ಮುಂಗಡ ಕೊಡಬೇಡಿ.

ದಾರಿ, ಹಳ್ಳ, ನೀರು

ಗ್ರಾಮನಕ್ಷೆ ಎಂಬುದೊಂದಿದೆ. ತುಂಬಾ ಕಡಿಮೆ ಜನ ಅದನ್ನು ನೋಡುತ್ತಾರೆ. ಎರಡು ಸಾಲು ಚುಕ್ಕೆಗೆರೆ ಇದ್ದರೆ ಬಂಡಿದಾರಿ, ಒಂದೇ ಸಾಲಾದರೆ ಕಾಲುದಾರಿ. ನಾವು ನೋಡಿದ ಹನ್ನೊಂದರಲ್ಲಿ ನಾಲ್ಕಕ್ಕೆ ನಕಾಶೆಯಲ್ಲಿ ದಾರಿಯೇ ಇರಲಿಲ್ಲ. ಕಾರು ಮಾತ್ರ ಹೊಲದವರೆಗೂ ಹೋಗಿತ್ತು! ಹೇಗೆ ಎಂದರೆ, ಪಕ್ಕದವರ ಹೊಲದ ಮೇಲೆ. “ಅವರು ನಮ್ಮ ದಾಯಾದಿಗಳೇ, ಏನೂ ಅನ್ನುವುದಿಲ್ಲ” ಎಂದು ಮಾರುವವರು ಹೇಳುತ್ತಾರೆ, ಅದೂ ಸುಳ್ಳಲ್ಲ. ಅವರಿಗೆ ಅನ್ನುವುದಿಲ್ಲ. ಕ್ರಯಪತ್ರವಾದ ಮರುವಾರ ನೀವು ಜೆಸಿಬಿ ತಂದಾಗ ಅನ್ನುತ್ತಾರೆ, ಮತ್ತು ಅನ್ನುವ ಹಕ್ಕು ಅವರಿಗಿದೆ. ದಾಯಾದಿಗಳ ನಡುವಿನ ದಾಕ್ಷಿಣ್ಯ ನೋಂದಣಿಯ ಜೊತೆಗೆ ವರ್ಗಾವಣೆಯಾಗುವುದಿಲ್ಲ. 1882ರ ಅನುಭೋಗ ಹಕ್ಕುಗಳ ಕಾಯ್ದೆಯಲ್ಲಿ ಅನಿವಾರ್ಯದ ದಾರಿ, ಇಪ್ಪತ್ತು ವರ್ಷ ನಿರಂತರವಾಗಿ ಬಳಸಿದ ದಾರಿ ಎಂದೆಲ್ಲ ಹಕ್ಕುಗಳಿವೆ. ಅವನ್ನು ಸಾಬೀತು ಮಾಡುವುದು ಸಿವಿಲ್ ನ್ಯಾಯಾಲಯದಲ್ಲಿ, ವರ್ಷಗಟ್ಟಲೆ. ಪಕ್ಕದವರು ಒಪ್ಪುವುದಾದರೆ ಇಷ್ಟು ಅಡಿ ಅಗಲದ ದಾರಿ ಎಂದು ಅವರಿಂದಲೇ ಬರೆಸಿ, ಸೂಕ್ತ ಬೆಲೆ ಕೊಟ್ಟು, ನೋಂದಾಯಿಸಿಕೊಳ್ಳುವುದೇ ಮರ್ಯಾದೆಯ ಮಾರ್ಗ.

ಇದರ ಇನ್ನೊಂದು ಮಗ್ಗುಲನ್ನು ಯಾರೂ ಹೇಳುವುದಿಲ್ಲ. ನಿಮ್ಮ ಜಮೀನಿನ ಮೇಲೆ ಬೇರೆಯವರು ನಡೆಯುತ್ತಾರೆಯೇ? ಅದನ್ನು ತಿಳಿಯಲು ಮಧ್ಯಾಹ್ನ ಹನ್ನೆರಡಕ್ಕೆ ಹೋದರೆ ಆಗದು. ಬೆಳಗ್ಗೆ ಆರಕ್ಕೆ ಹೋಗಿ, ಸಂಜೆ ದನ ತಿರುಗುವ ಹೊತ್ತಿಗೆ ಹೋಗಿ, ಜೂನ್‌ನಲ್ಲಿ ಮೊದಲ ಮಳೆ ಬಿದ್ದು ಬಿತ್ತನೆ ಶುರುವಾದಾಗ ಹೋಗಿ. ಆ ದಾರಿ ಬಳಸುವವರಿಗೆ ಅದರ ಮೇಲೆ ಹಕ್ಕಿರಬಹುದು. ಹಕ್ಕಿಲ್ಲದಿದ್ದರೂ ಆ ಊರಿನಲ್ಲಿ ಮುಂದಿನ ಮೂವತ್ತು ವರ್ಷ ಬಾಳಬೇಕಾದವರು ನೀವು.

ವಿಸ್ತೀರ್ಣದ ವಿಚಾರ ಬೇಗ ಹೇಳಿಬಿಡುತ್ತೇನೆ. ಪಹಣಿಯ ಮೂರನೇ ಕಾಲಂನಲ್ಲಿ ಖರಾಬು ಎಂದಿರುತ್ತದೆ. ‘ಅ’ ಖರಾಬು ಸಾಗುವಳಿಗೆ ಬಾರದ ನೆಲ. ‘ಬ’ ಖರಾಬು ಸಾರ್ವಜನಿಕರದ್ದು: ಹಳ್ಳ, ಬಂಡಿದಾರಿ, ಸ್ಮಶಾನ. ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಶಿರಾ ಕಡೆ ನೋಡಿದ 3 ಎಕರೆ 20 ಗುಂಟೆಯಲ್ಲಿ 14 ಗುಂಟೆ ಹಳ್ಳ ಸೇರಿತ್ತು. ಎಕರೆಗೆ 40 ಗುಂಟೆಯಂತೆ ಒಟ್ಟು 140ರಲ್ಲಿ 14, ಅಂದರೆ ಹತ್ತರಲ್ಲಿ ಒಂದು ಪಾಲು. ಅಷ್ಟಕ್ಕೂ ದುಡ್ಡು ಕೇಳಿದ್ದರು. ಮೊಬೈಲಿನ ‘ದಿಶಾಂಕ್’ ಆ್ಯಪ್ ಹಿಡಿದು ಹೊಲದಲ್ಲಿ ನಿಂತರೆ ಯಾವ ಸರ್ವೆ ನಂಬರಿನ ಮೇಲೆ ನಿಂತಿದ್ದೀರಿ ಎಂದು ತಕ್ಕಮಟ್ಟಿಗೆ ಗೊತ್ತಾಗುತ್ತದೆ. ಬೇರೆಯದೇ ಜಮೀನು ತೋರಿಸಿ ಮಾರುವ ಮೋಸ ಅಲ್ಲಿಗೇ ಬಯಲಾಗುತ್ತದೆ. ಆದರೆ ಅದನ್ನು ನಂಬಿ ಕಲ್ಲು ನೆಡಬಾರದು. ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಲು, ಅರ್ಜಿ ಹಾಕಿಸಿ, ಅಕ್ಕಪಕ್ಕದವರಿಗೆ ನೋಟಿಸು ಹೋಗಿ, ಭೂಮಾಪಕರು ಬಂದು ಅಳೆದು ಬಾಂದು ಕಲ್ಲು ತೋರಿಸಬೇಕು. ಚೆಕ್ಕುಬಂದಿಯಲ್ಲಿ (ಪತ್ರದ ಗಡಿ ವಿವರದಲ್ಲಿ) ಬರೀ ಹೆಸರುಗಳಾಗಿದ್ದ ನಾಲ್ಕು ದಿಕ್ಕಿನವರು ಅಂದು ಬದುವಿನ ಮೇಲೆ ಬಂದು ನಿಲ್ಲುತ್ತಾರೆ. ಯಾರು ಮಾತಾಡುತ್ತಾರೆ, ಯಾರು ಮಾತಾಡದೆ ಹೋಗುತ್ತಾರೆ ಎಂದು ಗಮನಿಸಿ. ಆ ಒಂದು ದಿನದಲ್ಲಿ ನಾನು ಕಲಿತದ್ದು ಒಂದು ಕಡತದಷ್ಟು.

ನೀರಿಗಾಗಿ ನೆಲ ನೋಡುವ ಬದಲು ಸುತ್ತಲ ಹೊಲಗಳಲ್ಲಿ ಕಲ್ಲು ಮುಚ್ಚಿದ ಕೇಸಿಂಗ್ ಪೈಪುಗಳನ್ನು ಎಣಿಸಿ. ಪ್ರತಿಯೊಂದೂ ಒಂದು ಸಂಸಾರದ ಸಾಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿದರೂ ನೀರು ಸಿಗದ ಕೊಳವೆಬಾವಿಗಳಿವೆ, ಪಾವಗಡದ ಸುತ್ತ ಸಿಕ್ಕ ನೀರಿನಲ್ಲಿ ಫ್ಲೋರೈಡ್ ಇದೆ. ಪಕ್ಕದ ರೈತರನ್ನು ಕೇಳಿದರೆ ಎಷ್ಟು ಅಡಿ, ಎಷ್ಟು ಇಂಚು ನೀರು, ಬೇಸಿಗೆಯಲ್ಲಿ ಎಷ್ಟು ಹೊತ್ತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಜೊತೆಗೆ ಟಿ.ಸಿ. (ವಿದ್ಯುತ್ ಟ್ರಾನ್ಸ್‌ಫಾರ್ಮರ್) ಎಷ್ಟು ದೂರದಲ್ಲಿದೆ, ನಡುವೆ ಎಷ್ಟು ಕಂಬ ಬೇಕು ಎಂಬುದನ್ನೂ ಕೇಳಿಕೊಳ್ಳಿ. ಕಂಬ, ತಂತಿಯ ಖರ್ಚು ಕೆಲವೊಮ್ಮೆ ಕೊಳವೆಬಾವಿಯನ್ನೂ ಮೀರಿಸುತ್ತದೆ.

ಅಕ್ಕನ ಸಹಿ

ಕಡೆಗೆ ಕೊಂಡ ಜಮೀನು ಕೊರಟಗೆರೆ ಕಡೆಯದು, 2 ಎಕರೆ 30 ಗುಂಟೆ. ಪಿತ್ರಾರ್ಜಿತ, ಇಬ್ಬರು ಅಣ್ಣತಮ್ಮಂದಿರು ಮಾರುತ್ತಿದ್ದರು. ದಾರಿ ನಕಾಶೆಯಲ್ಲಿತ್ತು, ಪಹಣಿ ಸರಿಯಿತ್ತು, ಸಾಲ ತೀರಿತ್ತು. ವಂಶವೃಕ್ಷದಲ್ಲಿ ಇಬ್ಬರ ಹೆಸರೇ ಇತ್ತು. ಊರ ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಕೂತಿದ್ದಾಗ, ಹೋಟೆಲಿನ ಯಜಮಾನಿ ಸಹಜವಾಗಿ ಕೇಳಿದರು: “ಅವರ ಅಕ್ಕ ಒಪ್ಪಿದರೇನಮ್ಮ?”

ಅಣ್ಣತಮ್ಮಂದಿರನ್ನು ಕೇಳಿದೆ. ದೊಡ್ಡವರು, “ಮದುವೆ ಮಾಡಿ ಕೊಟ್ಟು ಮೂವತ್ತು ವರ್ಷವಾಯಿತಲ್ಲ ಮೇಡಂ, ಅವಳಿಗೆ ಇದರಲ್ಲಿ ಏನಿದೆ?” ಎಂದರು. ಕೆಟ್ಟ ಮನುಷ್ಯರಲ್ಲ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹಾಗೆಯೇ ನಂಬಿ ಬದುಕಿದ್ದಾರೆ. ಅವರ ಅಕ್ಕನಿಗೆ ಏನಿದೆ ಎಂದರೆ ಅವರಷ್ಟೇ ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1994ರಲ್ಲಿ ಕರ್ನಾಟಕ ತಂದ ತಿದ್ದುಪಡಿ ಆ ಹೊತ್ತಿಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಮಾತ್ರ ಪಾಲು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯ ಷರತ್ತಿಲ್ಲದೆ ಎಲ್ಲ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕು ಎಂದಿತು. ಆ ದಿನಕ್ಕೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಿಭಾಗವೋ ಮಾರಾಟವೋ ಆಗಿದ್ದರೆ ಮಾತ್ರ ಬೇರೆ ಮಾತು. ಇಲ್ಲಿ ಅಂಥದ್ದೇನೂ ಆಗಿರಲಿಲ್ಲ.

ನಾವೇ ಹೋಗಿ ಭೇಟಿಯಾಗುತ್ತೇವೆ ಎಂದು ಹೇಳಿ, ಗೌರಿಬಿದನೂರು ಹತ್ತಿರದ ಅವರ ಊರಿಗೆ ಹೋದೆವು. ಅಕ್ಕ ರೇಷ್ಮೆ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದರು. ಕೈ ಒರೆಸಿಕೊಂಡು ಬಂದು, ನೀರು ಕೊಟ್ಟು, ವಿಷಯ ಪೂರ್ತಿ ಕೇಳಿದರು. ತವರಿನ ನೆನಪು ಹೇಳಿ ಕಣ್ಣೀರು ಹಾಕುತ್ತಾರೇನೋ ಎಂದು ನಾನು ಅಳುಕುತ್ತಿದ್ದೆ. ಅವರು ಕೇಳಿದ ಮೊದಲ ಪ್ರಶ್ನೆ, “ಎಕರೆಗೆ ಎಷ್ಟು ಮಾತಾಯಿತು?”

ಹೇಳಿದೆ. ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. “ನಮ್ಮವರು ನನಗೆ ಹೇಳಿದ್ದು ಅದರ ಅರ್ಧ. ಅದೂ ನಾನಾಗಿ ಕೇಳಿದಾಗ. ಹಬ್ಬಕ್ಕೆ ಬಾ, ಒಂದು ಸಹಿ ಇದೆ ಎಂದಿದ್ದರು.” ಸ್ವಲ್ಪ ಹೊತ್ತು ಬಿಟ್ಟು, “ನಾನು ಕೋರ್ಟಿಗೆ ಹೋಗುವವಳಲ್ಲ. ಆದರೆ ನನ್ನ ಪಾಲಿಗೆ ಬರುವುದು ನನ್ನ ಕೈಗೇ ಬರಬೇಕು” ಎಂದರು.

ವ್ಯವಹಾರ ಐದು ತಿಂಗಳು ನಿಂತಿತು. ತಮ್ಮಂದಿರು ನಮ್ಮ ಮೇಲೆ ಸಿಟ್ಟಾದರು; ಮನೆಯೊಳಗಿನ ವಿಷಯಕ್ಕೆ ಕೈ ಹಾಕಿದಿರಿ ಎಂದರು. ನಮ್ಮ ವಕೀಲರು, ಅಕ್ಕನಿಂದ ಹಕ್ಕು ಖುಲಾಸೆ ಪತ್ರ (ಪಾಲು ಬಿಟ್ಟುಕೊಟ್ಟೆ ಎಂಬ ಪತ್ರ) ಮಾಡಿಸಿಕೊಂಡು ಬಂದರೆ ಸಾಕು, ಹಣ ಅವರವರು ನೋಡಿಕೊಳ್ಳುತ್ತಾರೆ ಎಂದು ಸಲಹೆ ಕೊಟ್ಟರು. ಕಾನೂನಿನ ಪ್ರಕಾರ ಅದು ಸಾಕಾಗುತ್ತಿತ್ತು. ನಾನು ಒಪ್ಪಲಿಲ್ಲ. ಕ್ರಯಪತ್ರದಲ್ಲಿ ಮೂವರೂ ಮಾರುವವರಾಗಿ ಇರಬೇಕು, ಅಕ್ಕನ ಹಣ ಅಕ್ಕನ ಹೆಸರಿನ ಡಿ.ಡಿ.ಯಲ್ಲೇ ಹೋಗಬೇಕು, ಆ ಡಿ.ಡಿ.ಯ ಸಂಖ್ಯೆ ಪತ್ರದಲ್ಲಿ ಬರಬೇಕು ಎಂದೆ. ಕಡೆಗೆ ಅವರು ಮೂರನೇ ಒಂದು ಪಾಲಿಗಿಂತ ಸ್ವಲ್ಪ ಕಡಿಮೆಗೆ ತಾವಾಗಿ ಒಪ್ಪಿದರು. ತಮ್ಮನ ಮಗಳ ಓದಿಗೆ ಇರಲಿ ಎಂದರು. ಅದು ಅವರ ತೀರ್ಮಾನ.

ನಾನೇಕೆ ಅಷ್ಟು ಹಟ ಹಿಡಿದೆ ಎಂದು ನನ್ನ ಗಂಡ ಒಮ್ಮೆ ಕೇಳಿದ್ದರು. 2011ರಲ್ಲಿ ಅಪ್ಪ ತೀರಿಕೊಂಡ ವರ್ಷ, ಹಬ್ಬಕ್ಕೆ ಹೋದಾಗ ನಾನೂ ಒಂದು ಸಹಿ ಹಾಕಿದ್ದೆ. ಖುಲಾಸೆ ಪತ್ರ. ಅಮ್ಮ ಮಡಿಲು ತುಂಬಿ ಸೀರೆ ಕೊಟ್ಟರು, ತಮ್ಮ ಬಸ್ಸಿನವರೆಗೆ ಬಂದು ಬಿಟ್ಟ. ತಮ್ಮನ ಮೇಲೆ ನನಗೆ ಬೇಸರವಿಲ್ಲ. ಆ ನೆಲದಲ್ಲಿ ದುಡಿಯುವವನು ಅವನೇ. ಕೇಳಿದ್ದರೂ ಬಿಟ್ಟುಕೊಡುತ್ತಿದ್ದೆ. ಆದರೆ ಪತ್ರವನ್ನು ಯಾರೂ ಓದಿ ಹೇಳಲಿಲ್ಲ, ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದರು. ಇಷ್ಟು ವರ್ಷದಲ್ಲಿ ಎಷ್ಟೋ ಸಲ ಆ ಬೆರಳು ಕಣ್ಣ ಮುಂದೆ ಬಂದಿದೆ.

ನೋಂದಣಿಯ ದಿನ ಕಚೇರಿಯಲ್ಲಿ ಜನ ತುಂಬಿದ್ದರು. ಅಕ್ಕ ನನ್ನ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಕ್ರಯಪತ್ರವನ್ನು ಮೊದಲಿನಿಂದ ಕೊನೆಯವರೆಗೂ ಓದಿ ಹೇಳಿ ಎಂದು ಪತ್ರ ಬರೆಯುವವರನ್ನು ಕೇಳಿ, ಪೂರ್ತಿ ಕೇಳಿಸಿಕೊಂಡರು. ಡಿ.ಡಿ.ಯಲ್ಲಿ ತಮ್ಮ ಹೆಸರನ್ನು ಎರಡು ಸಲ ಓದಿಸಿ, ನಾಲ್ಕು ಮಡಿಕೆ ಮಾಡಿ ಸೊಂಟದ ಚೀಲದಲ್ಲಿ ಇಟ್ಟುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮ ತವರಿನಲ್ಲಿ ಜಮೀನಿದೆಯಾ?” ಎಂದು ಕೇಳಿದರು.

“ಇತ್ತು. ಈಗ ತಮ್ಮನ ಹೆಸರಿನಲ್ಲಿದೆ.”

“ನಿಮ್ಮನ್ನು ಕೇಳಿದರಾ?”

ಇಲ್ಲ ಎಂದೆ. ಅಷ್ಟರಲ್ಲಿ ಒಳಗಿನಿಂದ ಅವರ ಹೆಸರು ಕರೆದರು. ಸೆರಗು ಸರಿಮಾಡಿಕೊಂಡು, ಹೆಬ್ಬೆರಳನ್ನು ಸೀರೆಗೆ ಒರೆಸಿಕೊಳ್ಳುತ್ತಾ ಎದ್ದು ಹೋದರು.